ಡೆನ್ಮಾರ್ಕಿನ ಕುರ್ಚಿ, ಬಾದನಹಟ್ಟಿಯ ಬಡಿಗೇರ

ನಾಲ್ಕು ಕುರ್ಚಿಗೆ 48 ಸಾವಿರ ಕೊಟ್ಟೆ ಅಂತ ಅವ್ವನಿಗೆ ಹೇಳಿರಲಿಲ್ಲ. ಫೋನಿನಲ್ಲಿ ‘ಎಷ್ಟು ಬಿತ್ತಪ?’ ಅಂದಳು. ‘ಹನ್ನೆರಡು’ ಅಂದೆ. ಒಂದಕ್ಕೆ ಹನ್ನೆರಡು ಸಾವಿರ ಅನ್ನೋದು ನನ್ನ ಲೆಕ್ಕ. ನಾಲ್ಕೂ ಸೇರಿ ಹನ್ನೆರಡು ನೂರು ಅನ್ನೋದು ಆಕೆಯ ಲೆಕ್ಕ. ‘ಪ್ಲಾಸ್ಟಿಕ್‌ವು ಇನ್ನೂ ಕಡಿಮಿಗೆ ಸಿಗ್ತಿದ್ವಲ್ಲ’ ಅಂದು ಫೋನಿಟ್ಟಳು.

ಈ ಕುರ್ಚಿಗಳನ್ನು ನೀವೂ ನೋಡಿರ್ತೀರಿ. ಇಂದಿರಾನಗರದ ಕೆಫೆಗಳಲ್ಲಿ, ಹೊಸ ಫ್ಲ್ಯಾಟಿಗೆ ಹೋದ ಗೆಳೆಯರ ಇನ್‌ಸ್ಟಾಗ್ರಾಂ ಫೋಟೋಗಳಲ್ಲಿ. ನೆಲಕ್ಕೆ ಬರ್ತಾ ಬರ್ತಾ ಸಣ್ಣಗಾಗುವ ಕಾಲುಗಳು, ಬೆನ್ನಿಗೆ ಮಾತ್ರ ಒಂದು ಬಾಗಿದ ಪಟ್ಟಿ, ಜೇನಿನ ಬಣ್ಣದ ಮರ. ಬೆಲೆ ಚೀಟಿಯ ಮೇಲೆ ‘ಮಿಡ್-ಸೆಂಚುರಿ ಡ್ಯಾನಿಶ್, ಬರ್ಮಾ ಟೀಕ್, ರಿಸ್ಟೋರ್ಡ್’ ಅಂತ ಇರುತ್ತೆ. ಮಿಡ್-ಸೆಂಚುರಿ ಅಂದರೆ ಹೆಚ್ಚು ಕಡಿಮೆ 1945ರಿಂದ 1970ರ ತನಕ. ರಿಸ್ಟೋರ್ಡ್ ಅಂದರೆ ಏನು ಅನ್ನೋದೇ ಈ ಬರಹದ ಪ್ರಶ್ನೆ.

ಇವುಗಳನ್ನು ಹೊಗಳುವ ಬರಹ ಇಂಗ್ಲಿಷಿನಲ್ಲಿ ರಾಶಿ ಬಿದ್ದಿದೆ. ಬಹಳಷ್ಟು ಫೋಟೋ ನೋಡಿ ಬರೆದಂತೆ ಕಾಣುತ್ತೆ. ನಾನು ಹದಿನಾಲ್ಕು ತಿಂಗಳು ಇವುಗಳ ಮೇಲೆ ಕೂತಿದ್ದೇನೆ. ಊಟಕ್ಕೆ, ವರ್ಕ್ ಫ್ರಮ್ ಹೋಮಿಗೆ, ದಿನಾ ಬೆಳಿಗ್ಗೆ ಕೂತೇ ಮಾಡುವ ‘ಸ್ಟ್ಯಾಂಡ್‌ಅಪ್’ ಮೀಟಿಂಗಿಗೆ. ಒಂದನ್ನು ಬಿಚ್ಚಿಸಿಯೂ ನೋಡಿದ್ದೇನೆ. ಹಾಗಾಗಿ ಮಾತಾಡೋಕೆ ಸ್ವಲ್ಪ ಹಕ್ಕಿದೆ ಅಂದುಕೊಂಡಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳಿಬಿಡ್ತೀನಿ, ಯಾಕಂದರೆ ಒಳ್ಳೆಯದು ನಿಜವಾಗಿಯೂ ಇದೆ. ಕುರ್ಚಿ ಹಗುರ. ಒಂದು ಕೈಯಲ್ಲಿ ಎತ್ತಿ ಬಾಲ್ಕನಿಗೆ ಇಡಬಹುದು. ಆದರೆ ಕೂತಾಗ ಹಗುರ ಅನ್ನಿಸಲ್ಲ. ಬೆನ್ನಿನ ಪಟ್ಟಿಯನ್ನು ತೆಳು ಹಲಗೆ ಬಗ್ಗಿಸಿ ಮಾಡಿಲ್ಲ, ದಪ್ಪ ಮರದಿಂದಲೇ ಆ ಬಾಗು ಕೊರೆದು ತೆಗೆದಿದ್ದಾರೆ. ಎಷ್ಟೋ ಮರ ಚೂರಾಗಿ ಹೋಗಿರಬೇಕು. ಆದರೆ ಆ ಪಟ್ಟಿ ಸರಿಯಾಗಿ ಸೊಂಟದ ಮೇಲಿನ ಕುಳಿಗೆ ಬಂದು ಕೂರುತ್ತೆ. ನಮ್ಮ ಆಫೀಸಿನ ಗಾಲಿ ಕುರ್ಚಿಯಲ್ಲಿ ಹನ್ನೊಂದು ಸನ್ನೆಗಳಿವೆ. ಹನ್ನೊಂದನ್ನೂ ತಿರುವಿದರೂ ಆ ಜಾಗಕ್ಕೆ ಬರಲ್ಲ.

ಇನ್ನೊಂದು ವಿಷಯ ಯಾವ ಇಂಗ್ಲಿಷ್ ರಿವ್ಯೂನಲ್ಲೂ ಸಿಗಲಿಲ್ಲ. ಹಳ್ಳಿಯಿಂದ ಬಂದ ನಮ್ಮಂಥವರಿಗೆ ಒಂದು ರೋಗ ಇದೆ. ಯಾವ ಕುರ್ಚಿಯಲ್ಲಿ ಕೂರಿಸಿದರೂ ಹತ್ತು ನಿಮಿಷಕ್ಕೆ ಕಾಲು ತಾನಾಗಿ ಮೇಲೆ ಬಂದು ಚಕ್ಕಳಮಕ್ಕಳ ಹಾಕಿಕೊಳ್ಳುತ್ತೆ. ಕೈ ಇರುವ ಕುರ್ಚಿಯಲ್ಲಿ ಮಂಡಿ ಸಿಕ್ಕಿಹಾಕಿಕೊಳ್ಳುತ್ತೆ. ಈ ಕುರ್ಚಿಗೆ ಕೈ ಇಲ್ಲ, ಸೀಟು ಮುಂದೆ ಅಗಲ ಹಿಂದೆ ಕಿರಿದು. ಕಾಲು ಮಡಚಿ ಕೂತು ಅನ್ನ ಸಾರು ಕಲಸಿಕೊಂಡು ಉಣ್ಣಬಹುದು. ಇದನ್ನು ಮಾಡಿದ ಪುಣ್ಯಾತ್ಮ ಇದಕ್ಕಾಗಿ ಮಾಡಿರಲಿಕ್ಕಿಲ್ಲ, ಆದರೂ ಒದಗಿದೆ.

ಈ ಗುಣ ಆಕಸ್ಮಿಕ ಅಲ್ಲ ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಕೋಪನ್‌ಹೇಗನ್ನಿನ ರಾಯಲ್ ಅಕಾಡೆಮಿಯಲ್ಲಿ ಕಾರೆ ಕ್ಲಿಂಟ್ ಅನ್ನುವವನು 1924ರಲ್ಲಿ ಪೀಠೋಪಕರಣ ವಿಭಾಗ ಶುರು ಮಾಡಿದ. ಹೊಸದು ಕಂಡುಹಿಡಿಯುವ ಮೊದಲು ಹಳೆಯದನ್ನು ಅಳೆಯಿರಿ ಅನ್ನೋದು ಅವನ ಪಾಠದ ಸಾರ. ಹಳೆಯ ಇಂಗ್ಲಿಷ್ ಕುರ್ಚಿಗಳನ್ನು ಅಳೆದು, ಮನುಷ್ಯನ ಮೈ ಅಳೆದು, ಆಮೇಲೆ ಪೆನ್ಸಿಲ್ ಹಿಡಿಯೋದು. ಅದೇ ಊರಿನ ಮರಗೆಲಸದವರ ಸಂಘ 1927ರಿಂದ 1966ರ ತನಕ ಪ್ರತಿ ವರ್ಷ ಒಂದು ಪ್ರದರ್ಶನ ನಡೆಸುತ್ತಿತ್ತು. ಒಬ್ಬ ಡಿಸೈನರ್, ಒಬ್ಬ ಬಡಗಿ ಸೇರಿ ಹೊಸ ಸಾಮಾನು ಮಾಡಿ ತರಬೇಕು. ಹಾನ್ಸ್ ವೆಗ್ನರ್ ಅಲ್ಲಿಂದ ಬಂದವನು, ಅವನೇ ಮೊದಲು ಮರಗೆಲಸ ಕಲಿತು ಆಮೇಲೆ ಡಿಸೈನ್ ಕಲಿತವನು. ಅವನು 1949ರಲ್ಲಿ ಮಾಡಿದ ಒಂದು ದುಂಡು ಬೆನ್ನಿನ ಕುರ್ಚಿಯಲ್ಲಿ ಕೂತೇ 1960ರಲ್ಲಿ ಕೆನಡಿ ನಿಕ್ಸನ್ ಜೊತೆ ಟೀವಿ ಚರ್ಚೆ ಮಾಡಿದ್ದು. ನಮ್ಮಲ್ಲಿ ಕುರ್ಚಿ ಅಂದರೆ ಅಧಿಕಾರ, ಕುರ್ಚಿಗಾಗಿ ಕಿತ್ತಾಟ ಅಂತೆಲ್ಲ ಪತ್ರಿಕೆಯವರು ಬರೀತಾರೆ. ಅಲ್ಲಿ ಆ ಚರ್ಚೆ ಮುಗಿದ ಮೇಲೆ ಜನಕ್ಕೆ ಕುರ್ಚಿಯೂ ನೆನಪಿನಲ್ಲಿ ಉಳಿಯಿತು.

ಊಟದ ಕುರ್ಚಿ ಅಂದರೆ ಹೇಳಬೇಕಾದ ಇನ್ನೊಂದು ಹೆಸರು ನೀಲ್ಸ್ ಮುಲ್ಲರ್. ಆರ್ಹುಸ್ ಊರಿನಲ್ಲಿ 1944ರಲ್ಲಿ ಕಾರ್ಖಾನೆ ಇಟ್ಟ. 1951ರಲ್ಲಿ ಮಾಡಿದ ಅವನ 71ನೇ ನಂಬರಿನ ಕುರ್ಚಿಯ ಫೋಟೋ ನೋಡಿ, ಆಮೇಲೆ ನನ್ನ ಊಟದ ಮೇಜಿನ ಸುತ್ತ ಇರುವುದನ್ನು ನೋಡಿ. ನನ್ನವು ಅದರ ದಾಯಾದಿಗಳು.

ದಾಯಾದಿಗಳು ಮಾತ್ರ, ಮಕ್ಕಳಲ್ಲ. ಅಂಗಡಿಯವನು ‘ಒರಿಜಿನಲ್ ಡ್ಯಾನಿಶ್ ಸರ್’ ಅಂದಿದ್ದ. ಡೆನ್ಮಾರ್ಕಿನ ಕಾರ್ಖಾನೆಗಳು ಸಾಮಾನ್ಯವಾಗಿ ಸೀಟಿನ ಕೆಳಗಡೆ ಮರದಲ್ಲೇ ಮುದ್ರೆ ಒತ್ತುತ್ತಿದ್ದವು, ಇಲ್ಲವೇ ಸಣ್ಣ ಬಿಲ್ಲೆ ಬಡಿಯುತ್ತಿದ್ದವು. ನನ್ನ ನಾಲ್ಕನ್ನೂ ಬೋರಲು ಹಾಕಿ ಟಾರ್ಚ್ ಬಿಟ್ಟು ನೋಡಿದೆ. ಏನೂ ಇಲ್ಲ. ನಾಲ್ಕರ ಅಳತೆಯೂ ಒಂದೇ ಇಲ್ಲ. ಒಂದರ ಬೆನ್ನಿನ ಪಟ್ಟಿ ಇನ್ನೊಂದಕ್ಕಿಂತ ಅರ್ಧ ಬೆರಳು ಅಗಲ. ಅಂದರೆ ಕಾರ್ಖಾನೆಯ ಅಚ್ಚಿನಲ್ಲಿ ಆದದ್ದಲ್ಲ, ಕೈಯಲ್ಲಿ ಆದದ್ದು. ಐವತ್ತು ಅರವತ್ತರ ದಶಕದಲ್ಲಿ ನಮ್ಮ ದೇಶದ ಬಡಗಿಗಳು ವಿದೇಶಿ ಪತ್ರಿಕೆಯ ಚಿತ್ರ ನೋಡಿ, ಯಾವುದೋ ಸಾಹೇಬರ ಮನೆಗೆ ಇಂಥ ತೇಗದ ಕುರ್ಚಿ ಬೇಕಾದಷ್ಟು ಮಾಡಿದ್ದಾರೆ. ಅವೇ ಈಗ ಮುಂಬೈಯ ಓಶಿವಾರಾ, ನಮ್ಮ ಶಿವಾಜಿನಗರದಂಥ ಕಡೆ ಹಾದು, ಪಾಲಿಶ್ ಹೊಡೆಸಿಕೊಂಡು, ಡ್ಯಾನಿಶ್ ಅಂತ ಹೆಸರಿಟ್ಟುಕೊಂಡು ಬರುತ್ತಿವೆ.

ಇದರಿಂದ ನನಗೆ ಬೇಜಾರಾಗಲಿಲ್ಲ, ಖುಷಿಯೇ ಆಯಿತು. ಡೆನ್ಮಾರ್ಕಿನಲ್ಲಿ ತೇಗ ಬೆಳೆಯೋದೇ ಇಲ್ಲವಲ್ಲ! ಅವರ ಈಸ್ಟ್ ಏಷಿಯಾಟಿಕ್ ಕಂಪನಿ 1897ರಲ್ಲಿ ಹುಟ್ಟಿದ್ದೇ ಸಯಾಮಿನ, ಅಂದರೆ ಇವತ್ತಿನ ಥಾಯ್ಲೆಂಡಿನ, ತೇಗದ ವ್ಯಾಪಾರದ ಬೆನ್ನ ಮೇಲೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಕಡೆಯ ತೇಗ ಯುರೋಪಿಗೆ ಧಾರಾಳವಾಗಿ ಹರಿಯಿತು. ತೇಗದೊಳಗೆ ಮರಳಿನಂಥ ಸಿಲಿಕಾ ಇರುತ್ತೆ, ಮಾಮೂಲಿ ಗರಗಸದ ಹಲ್ಲು ಬೇಗ ಮೊಂಡಾಗುತ್ತೆ. ಗಟ್ಟಿ ಕಾರ್ಬೈಡ್ ಹಲ್ಲಿನ ಯಂತ್ರಗಳು ಬಂದದ್ದರಿಂದ ಅದನ್ನು ಕಾರ್ಖಾನೆಯಲ್ಲಿ ಕೊಯ್ಯೋದು ಸಲೀಸಾಯಿತು. ಇನ್ನೂ ಹಿಂದೆ ಹೋದರೆ, ತಮಿಳುನಾಡಿನ ತರಂಗಂಬಾಡಿಯಲ್ಲಿ 1620ರಿಂದ 1845ರ ತನಕ ಡೆನ್ಮಾರ್ಕಿನದೇ ವಸಾಹತು ಇತ್ತು. ನಮ್ಮ ಕಡೆಯ ಮರ, ಅವರ ಗೆರೆ, ಮತ್ತೆ ನಮ್ಮ ಕಡೆಯ ಕೈ. ಇದನ್ನು ಹೀಗೇ ಹೇಳಿ ಮಾರಿದ್ದರೆ ಇನ್ನೆರಡು ಸಾವಿರ ಜಾಸ್ತಿ ಕೊಡುತ್ತಿದ್ದೆನೋ ಏನೋ.

ಎಂಟನೇ ತಿಂಗಳಿಗೆ ಒಂದು ಕುರ್ಚಿಯ ಹಿಂದಿನ ಕಾಲು ಅಲ್ಲಾಡತೊಡಗಿತು. ಮೊದಲು ನೆಲ ಸಮ ಇಲ್ಲ ಅಂದುಕೊಂಡೆ. ಪೇಪರ್ ಮಡಚಿ ಕೊಟ್ಟೆ. ಒಂದು ಭಾನುವಾರ ಮಾವ ಬಂದು ಅದರ ಮೇಲೇ ಕೂತು ಸ್ವಲ್ಪ ಹಿಂದಕ್ಕೆ ಒರಗಿದರು. ಟಪ್ ಅಂತ ಸದ್ದು. ಪುಣ್ಯಕ್ಕೆ ಬೀಳಲಿಲ್ಲ. ಅಂಗಡಿಗೆ ಫೋನ್ ಮಾಡಿದರೆ, ‘ಸರ್, ಅರವತ್ತು ವರ್ಷದ ಪೀಸು, ಸ್ವಲ್ಪ ಮೂವ್‌ಮೆಂಟ್ ಇದ್ದೇ ಇರುತ್ತೆ, ಅದೇ ಅದರ ಕ್ಯಾರೆಕ್ಟರ್’ ಅಂದ. ಬಗ್ ಅಲ್ಲ ಫೀಚರ್ ಅನ್ನೋ ನಮ್ಮ ಇಂಡಸ್ಟ್ರಿಯ ಹಳೇ ಜೋಕು ನನಗೇ ತಿರುಗಿ ಬಂತು.

ಅವತ್ತು ಸಿಟ್ಟಿನಲ್ಲಿ ಸೀಟಿನ ಕೆಳಗಿನ ನಾಲ್ಕು ಸ್ಕ್ರೂ ಬಿಚ್ಚಿದೆ. ಸೀಟು ಕೈಗೆ ಬಂತು. ಪ್ಲೈವುಡ್ಡಿನ ತುಂಡು, ಅದರ ಮೇಲೆ ಸ್ಪಂಜು, ಅದರ ಮೇಲೆ ಚಂದದ ಬೂದು ಬಣ್ಣದ ಬಟ್ಟೆ. ಬಟ್ಟೆಗೆ ಸ್ಟೇಪಲ್ ಹೊಡೆದಿದ್ದಾರೆ. ಕುರ್ಚಿಯ ಚೌಕಟ್ಟಿನ ಒಳಮೈ ನೋಡಿದಾಗ ಮಾತ್ರ ನಾನು ನಿಂತುಬಿಟ್ಟೆ. ನಾಲ್ಕೂ ಪಟ್ಟಿಗಳ ಒಳಬದಿಯಲ್ಲಿ ಸಾಲಾಗಿ, ಬೆರಳಿನಷ್ಟು ಅಂತರಕ್ಕೊಂದು, ಸಣ್ಣ ಮೊಳೆಯ ತೂತುಗಳು. ಒಂದೆರಡು ಮೊಳೆ ಮುರಿದು ಒಳಗೇ ಉಳಿದಿವೆ. ಪಟ್ಟಿಯ ಮೇಲಂಚನ್ನು ದುಂಡಗೆ ನಯ ಮಾಡಿದ್ದಾರೆ. ಹೊಲಿಗೆ ಬಿಚ್ಚಿದ ಅಂಗಿಯಲ್ಲಿ ದಾರದ ಗುರುತು ಉಳಿಯುತ್ತಲ್ಲ, ಹಾಗೆ. ಈ ಕುರ್ಚಿ ಸ್ಪಂಜಿಗಾಗಿ ಮಾಡಿದ್ದಲ್ಲ. ಇದರ ಸೀಟು ಹೆಣೆದದ್ದಾಗಿತ್ತು.

ಡೆನ್ಮಾರ್ಕಿನ ಊಟದ ಕುರ್ಚಿಗಳಲ್ಲಿ ಹೆಣೆಯುತ್ತಿದ್ದದ್ದು ಕಾಗದದ ಹುರಿ. ಹೌದು, ಕಾಗದ. ಗಟ್ಟಿ ಕಾಗದವನ್ನು ಹೊಸೆದು ಮೇಣದಂಥದ್ದು ಹಾಕಿ ಮಾಡಿದ ಹಗ್ಗ. ಯುದ್ಧದ ಕಾಲದಲ್ಲಿ ಬೇರೆ ನಾರು ಸಿಗದೆ ಬದಲಿಗೆ ಅಂತ ಶುರುವಾದದ್ದು, ಚೆನ್ನಾಗಿದೆ ಅಂತ ಉಳಿದುಬಿಟ್ಟಿತು. ವೆಗ್ನರನ ಪ್ರಸಿದ್ಧ ವಿಶ್‌ಬೋನ್ ಕುರ್ಚಿಯ ಒಂದು ಸೀಟಿಗೆ ಸುಮಾರು 120 ಮೀಟರ್ ಹುರಿ ಹಿಡಿಯುತ್ತೆ. ಪಳಗಿದ ಕೈಗೆ ಒಂದು ಗಂಟೆಯ ಕೆಲಸ. ಆ ಕುರ್ಚಿ 1950ರಿಂದ ಇವತ್ತಿನವರೆಗೆ ನಿಲ್ಲದೆ ತಯಾರಾಗುತ್ತಿದೆ. ಆ ಹುರಿ ಯಾವತ್ತೋ ಒಂದು ದಿನ ಸವೆಯುತ್ತೆ, ಜೋಲುತ್ತೆ. ಸವೆಯಲಿ ಅಂತಲೇ ಮಾಡಿದ್ದು. ಕತ್ತರಿಸಿ ಎಸೆದು, ಅದೇ ಚೌಕಟ್ಟಿಗೆ ಹೊಸ ಹುರಿ ಹೆಣೆಯೋದು. ಚೌಕಟ್ಟು ಎರಡು ತಲೆಮಾರು, ಸೀಟು ಕೆಲವು ಹತ್ತು ವರ್ಷ.

ಇದನ್ನು ಓದುವಾಗ ನನಗೆ ಕಾಣಿಸಿದ್ದು ತಾತನ ಹೊರಸು. ಬೆಂಗಳೂರಿನವರಿಗೆ ಹೇಳೋದಾದರೆ ಹಗ್ಗದ ಮಂಚ. ಬಾದನಹಟ್ಟಿಯಲ್ಲಿ ನಮ್ಮ ಮನೆಯ ಕಟ್ಟೆ ಮೇಲೆ ಇರುತ್ತಿತ್ತು. ನಮ್ಮ ಸೀಮೆಯಲ್ಲಿ ತೇಗ ಎಲ್ಲಿ ಬರಬೇಕು. ಕಾಲು, ಚೌಕಟ್ಟು ಎಲ್ಲಾ ಕರಿಜಾಲಿ, ಅದೇ ಬಂಡಿ ಗಾಲಿಗೆ ಹಾಕುತ್ತಿದ್ದ ಮರ. ಹೊಲದ ಬದುವಿನ ಪುಂಡಿ ಕೊಯ್ದು, ನೀರಲ್ಲಿ ಕೊಳೆಹಾಕಿ, ನಾರು ತೆಗೆದು ತಾತನೇ ಹಗ್ಗ ಹೊಸೆಯುತ್ತಿದ್ದ. ಕಾಲಿನ ಕಡೆಗೆ ಒಂದು ಮೊಳ ಜಾಗ ಬಿಟ್ಟು, ಅಲ್ಲಿ ಬೇರೆ ಹಗ್ಗ ಎಳೆದು ಕಟ್ಟಿರೋದು. ನಡು ಜೋಲು ಬಿದ್ದರೆ ಆ ಹಗ್ಗ ಬಿಗಿ ಮಾಡಿದರೆ ಸಾಕು. ಹಗ್ಗ ಪೂರ್ತಿ ಸತ್ತರೆ ಹೊಸದು. ಚೌಕಟ್ಟಿನ ಮೂಲೆಗೆ ಒಂದೂ ಕಬ್ಬಿಣದ ಮೊಳೆ ಇರಲಿಲ್ಲ. ತಾತ ಸತ್ತು ಇಪ್ಪತ್ತು ವರ್ಷವಾಯಿತು. ಹೊರಸು ಈಗಲೂ ದನದ ಕೊಟ್ಟಿಗೆಯಲ್ಲಿದೆ, ಮೇಲೆ ಹೊಟ್ಟಿನ ಚೀಲ ಒಟ್ಟಿದ್ದಾರೆ.

ಚಾರ್ಲ್ಸ್ ಮತ್ತು ರೇ ಈಮ್ಸ್ ಅನ್ನೋ ಅಮೆರಿಕದ ಡಿಸೈನರ್ ದಂಪತಿ 1958ರಲ್ಲಿ ನಮ್ಮ ಸರ್ಕಾರಕ್ಕೆ ಒಂದು ವರದಿ ಬರೆದುಕೊಟ್ಟರು. ಅದರಿಂದಲೇ 1961ರಲ್ಲಿ ಅಹಮದಾಬಾದಿನ ಎನ್‌ಐಡಿ ಹುಟ್ಟಿದ್ದು. ಆ ವರದಿಯಲ್ಲಿ ಅವರು ಮನಸೋತು ಬರೆದದ್ದು ನಮ್ಮ ತಂಬಿಗೆಯ ಬಗ್ಗೆ. ಅವರು ಬಳ್ಳಾರಿ ಕಡೆ ಬಂದು ಒಂದು ರಾತ್ರಿ ಹೊರಸಿನ ಮೇಲೆ ಮಲಗಿದ್ದರೆ ಇನ್ನೆರಡು ಪುಟ ಬರೆಯುತ್ತಿದ್ದರು ಅನ್ನೋದು ನನ್ನ ನಂಬಿಕೆ.

ನಾನು ಹೇಳಬೇಕಾದದ್ದು ಇಷ್ಟೇ. ಡ್ಯಾನಿಶ್ ಕುರ್ಚಿ ಬಾಳಿಕೆ ಬರೋದು ತೇಗದಿಂದ ಮಾತ್ರ ಅಲ್ಲ. ತೇಗ ಹುಳು ಹಿಡಿಯಲ್ಲ, ಸೀಳಲ್ಲ, ಅದು ದೊಡ್ಡ ಗುಣವೇ. ಆದರೆ ಅದು ಉಳಿದದ್ದು ಅದನ್ನು ಬಿಚ್ಚಬಹುದು, ಸವೆದ ಭಾಗವನ್ನಷ್ಟೇ ತೆಗೆದು ಬೇರೆ ಹಾಕಬಹುದು, ಹಾಗೆ ಹಾಕಬಲ್ಲವರು ಸುತ್ತಮುತ್ತ ಇದ್ದರು ಅನ್ನೋ ಕಾರಣಕ್ಕೆ. ಬೆಂಗಳೂರಿನಲ್ಲಿ ನಮಗೆ ‘ರಿಸ್ಟೋರ್’ ಮಾಡಿ ಕೊಡುವ ಬಹಳಷ್ಟು ಕುರ್ಚಿಗಳಲ್ಲಿ ಅಳಿಸಿಹಾಕುತ್ತಿರೋದು ಇದನ್ನೇ. ಹೊಳಪು ಉಳಿಸುತ್ತಾರೆ, ಬಿಚ್ಚುವ ದಾರಿ ಮುಚ್ಚುತ್ತಾರೆ.

ಪಾಲಿಶ್ಶನ್ನೇ ನೋಡಿ. ಹಳೆಯ ಕುರ್ಚಿಗಳಿಗೆ ಎಣ್ಣೆ ತಿಕ್ಕುತ್ತಿದ್ದರು, ನಮ್ಮ ಅಗಸೆ ಎಣ್ಣೆಯಂಥದ್ದು. ನಮ್ಮಲ್ಲಾದರೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯಿಂದ ತೀಡುವ ಪಾಲಿಶ್. ಎರಡೂ ಬೇಗ ಮಂಕಾಗುತ್ತವೆ, ಬಿಸಿ ಲೋಟ ಇಟ್ಟರೆ ಕಲೆ ಬೀಳುತ್ತೆ. ಆದರೆ ಆ ಜಾಗಕ್ಕೆ ಮಾತ್ರ ಮತ್ತೆ ಹಚ್ಚಿಕೊಳ್ಳಬಹುದು, ಮನೆಯಲ್ಲೇ. ಈಗ ಸ್ಪ್ರೇ ಹೊಡೆಯುವ ಪಿಯು ಅನ್ನೋದು ಮರದ ಮೇಲೆ ಕೂರುವ ಪ್ಲಾಸ್ಟಿಕ್ ಪದರ. ಚೆನ್ನಾಗಿರುವಷ್ಟು ದಿನ ಬಹಳ ಚೆನ್ನಾಗಿರುತ್ತೆ. ಒಂದು ಕಡೆ ಎದ್ದರೆ ಪೂರ್ತಿ ಉಜ್ಜಿ ತೆಗೆಯಬೇಕು. ಉಜ್ಜಿದಾಗೆಲ್ಲ ಮರವೂ ಹೋಗುತ್ತೆ. ನನ್ನ ಕುರ್ಚಿಗಳಲ್ಲಿ ಒಂದರ ಕಾಲಿನ ಅಂಚು ಇನ್ನೊಂದರಷ್ಟು ಚೂಪಿಲ್ಲ, ಸಾಬೂನು ಸವೆದ ಹಾಗಿದೆ. ಮೆಷಿನ್ ಹಿಡಿದ ಹುಡುಗನಿಗೆ ಆ ಅಂಚು ಬೇಕಂತಲೇ ಬಿಟ್ಟದ್ದು ಅಂತ ಯಾರೂ ಹೇಳಿಲ್ಲ. ಅವನ ತಪ್ಪಲ್ಲ. ದಿನಕ್ಕೆ ಎಷ್ಟು ಕುರ್ಚಿ ಮುಗಿಸಿದೆ ಅನ್ನೋದರ ಮೇಲೆ ಅವನಿಗೆ ದುಡ್ಡು.

ಸೀಟೂ ಅಷ್ಟೇ. ಸ್ಪಂಜಿನ ಸೀಟು ಬೇಗ ಆಗುತ್ತೆ, ಅಗ್ಗ, ಫೋಟೋದಲ್ಲಿ ಚೆಂದ. ಹೆಣೆಯೋಕೆ ಜನ ಬೇಕು. ಬೆತ್ತದ ಕುರ್ಚಿ ಹೆಣೆಯೋದನ್ನು ನಮ್ಮಲ್ಲಿ ಕಣ್ಣಿಲ್ಲದವರಿಗೆ ಕಸುಬಾಗಿ ಕಲಿಸುತ್ತಿದ್ದರು. ಸರ್ಕಾರಿ ಕಚೇರಿಗಳಲ್ಲಿ ಅಂಧರಿಗೆ ಅಂತ ಗುರುತಿಸಿದ ಹುದ್ದೆಗಳಲ್ಲಿ ಕುರ್ಚಿ ಹೆಣೆಯುವವರ ಹುದ್ದೆಯೂ ಒಂದು. ಕಚೇರಿಗೆ ಗಾಲಿ ಕುರ್ಚಿ ಬಂದ ಮೇಲೆ ಅವರು ಹೆಣೆಯುವುದು ಏನನ್ನು?

ಹೆಣೆಯುವವರು ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಚಂಡೀಗಢಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ. ಐವತ್ತರ ದಶಕದಲ್ಲಿ ಊರು ಕಟ್ಟುವಾಗ ಲ ಕಾರ್ಬೂಸಿಯೇನ ಸೋದರ ಸಂಬಂಧಿ ಪಿಯರ್ ಜನ್ನರೆ ಅಲ್ಲೇ ಉಳಿದು, 1965ರ ತನಕ, ಕಚೇರಿ, ಕಾಲೇಜು, ಲೈಬ್ರರಿಗಳಿಗೆ ತೇಗ ಮತ್ತು ಬೆತ್ತದ ಕುರ್ಚಿಗಳನ್ನು ಮಾಡಿಸಿದ. ಬೆತ್ತ ಹರಿಯಿತು. ಹರಿದದ್ದನ್ನು ಹೆಣೆಸುವ ಬದಲು ಕುರ್ಚಿಯನ್ನೇ ಕಂಡೆಮ್ ಮಾಡಿ ಟೆರೇಸಿನ ಮೇಲೆ ಒಟ್ಟಿದರು, ಗುಜರಿ ಲೆಕ್ಕದಲ್ಲಿ ಹರಾಜು ಹಾಕಿದರು. ಫ್ರಾನ್ಸಿನ ವ್ಯಾಪಾರಿಗಳು ಬಂದು ಕೊಂಡುಹೋಗಿ, ಬೆತ್ತ ಹೆಣೆಸಿ, ಪಾಲಿಶ್ ಮಾಡಿಸಿ, ಯುರೋಪು ಅಮೆರಿಕದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಮಾರಿದರು. ಕೇಂದ್ರ ಗೃಹ ಇಲಾಖೆ ಎಚ್ಚೆತ್ತು ತಡೆ ಹಾಕಿದ್ದು 2011ರಲ್ಲಿ. ಏಮಿ ಸೀಗಲ್ ಎಂಬ ಕಲಾವಿದೆ 2013ರಲ್ಲಿ ‘ಪ್ರಾವೆನೆನ್ಸ್’ ಅಂತ ಒಂದು ಚಿತ್ರ ಮಾಡಿದಳು. ಶ್ರೀಮಂತರ ಡ್ರಾಯಿಂಗ್ ರೂಮಿನಿಂದ ಶುರುವಾಗಿ ಕುರ್ಚಿಗಳು ಹಿಂದೆ ಹಿಂದೆ ಹೋಗಿ ಚಂಡೀಗಢದ ಕಚೇರಿಗೆ ಸೇರುತ್ತವೆ. ಎಲ್ಲರೂ ಅದನ್ನು ಪರಂಪರೆ ಕಳ್ಳತನದ ಕಥೆ ಅಂತ ಹೇಳ್ತಾರೆ. ನನಗೆ ಅದು ಮೇಂಟೆನೆನ್ಸ್ ಬಜೆಟ್ ಇಲ್ಲದ ಕಥೆ. ಹೊಸ ಸಿಸ್ಟಮ್ ಕಟ್ಟೋಕೆ ಕೋಟಿ ಕೊಡುವವರು ಹಳೆಯದನ್ನು ನೋಡಿಕೊಳ್ಳೋಕೆ ಒಬ್ಬ ಮನುಷ್ಯನನ್ನು ಕೊಡಲ್ಲ ಅನ್ನೋದು ನನಗೆ ದಿನನಿತ್ಯದ ಅನುಭವ.

ಮುರಿದ ಕುರ್ಚಿ ಆರು ತಿಂಗಳು ಬಾಲ್ಕನಿಯಲ್ಲಿತ್ತು. ಬೆಂಗಳೂರಿನಲ್ಲಿ ಮೂವರು ಬಡಗಿಗಳಿಗೆ ತೋರಿಸಿದೆ. ಇಬ್ಬರು ‘ಎಲ್ ಕ್ಲಾಂಪ್ ಹೊಡೀತೀನಿ ಸರ್, ಗಟ್ಟಿಯಾಗುತ್ತೆ’ ಅಂದರು. ಮೂರನೆಯವನು ‘ಬಿಡಿ ಸರ್, ಹೊಸದೇ ತಗೊಳ್ಳಿ’ ಅಂದ. ದೀಪಾವಳಿಗೆ ಊರಿಗೆ ಹೋಗುವಾಗ ಏನೋ ತೋಚಿ ಅದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿದೆ. ಬೆಳಿಗ್ಗೆ ಬಳ್ಳಾರಿಯಲ್ಲಿ ಇಳಿದು ಬಸ್ಸಿಗೆ ಹತ್ತುವಾಗ ಕಂಡಕ್ಟರ್, ‘ಏನ್ರೀ ಇದು, ದೇವರಾ?’ ಅಂದ. ಲಗೇಜ್ ಹಾಕಲಿಲ್ಲ.

ಊರಿನ ಬಡಿಗೇರ ತಾತನಿಗೆ ಈಗ ಎಪ್ಪತ್ತೈದು ದಾಟಿರಬೇಕು. ನಮ್ಮ ಬಂಡಿ, ನೇಗಿಲು, ಕೂರಿಗೆ, ಆ ಹೊರಸು, ನಮ್ಮ ಮನೆಯ ಬಾಗಿಲು, ಎಲ್ಲಾ ಅವರ ಇಲ್ಲವೇ ಅವರ ಅಪ್ಪನ ಕೈಯವು. ಆಗ ಕೆಲಸಕ್ಕೆ ಇಷ್ಟು ಅಂತ ದುಡ್ಡಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಒಯ್ಯುತ್ತಿದ್ದರು, ಇಷ್ಟು ಜೋಳ ಅಂತ. ವರ್ಷಪೂರ್ತಿ ಏನು ಮುರಿದರೂ ನೋಡಿಕೊಳ್ಳೋದು ಅದರಲ್ಲೇ ಬಂತು. ನಮ್ಮ ಭಾಷೆಯಲ್ಲಿ ಆನ್ಯುಯಲ್ ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್. ಅದನ್ನು ಸುವರ್ಣಯುಗ ಅಂತ ಹೇಳೋಕೆ ನಾನು ತಯಾರಿಲ್ಲ. ಕಣದಲ್ಲಿ ಎಷ್ಟು ಅಳೀತಾರೆ ಅನ್ನೋದು ಹೊಲದವನ ಕೈಯಲ್ಲಿತ್ತು, ಬಡಿಗೇರನ ಮಗ ಬಡಿಗೇರನೇ ಆಗಬೇಕಿತ್ತು. 1953ರಲ್ಲಿ ತುಂಗಭದ್ರಾ ನೀರು ಕಾಲುವೆಗೆ ಬಂದು, ಜೋಳದ ಸೀಮೆ ನಿಧಾನಕ್ಕೆ ಭತ್ತದ ಸೀಮೆಯಾಗಿ, ಬಂಡಿಯ ಜಾಗಕ್ಕೆ ಟ್ರಾಕ್ಟರ್ ಬಂದ ಮೇಲೆ ಅವರಿಗೆ ಆಯವೂ ಹೋಯಿತು, ಕೆಲಸವೂ ಹೋಯಿತು. ಮಗ ಬಳ್ಳಾರಿಯಲ್ಲಿ ಮಾಡ್ಯುಲರ್ ಕಿಚನ್ ಕೂರಿಸುತ್ತಾನೆ. ಅಪ್ಪನಿಗಿಂತ ಚೆನ್ನಾಗಿ ದುಡಿಯುತ್ತಾನೆ, ಅದು ಒಳ್ಳೆಯದೇ.

ತಾತ ಕುರ್ಚಿಯ ಮೇಲೆ ಕೂರಲಿಲ್ಲ. ಮೊದಲು ಬೋರಲು ಹಾಕಿದರು. ಬೆರಳಿನ ಗೆಣ್ಣಿನಿಂದ ಅಲ್ಲಲ್ಲಿ ಬಡಿದು ಸದ್ದು ಕೇಳಿದರು. ಬೆನ್ನಿನ ಪಟ್ಟಿಯೂ ಕಾಲೂ ಸೇರುವ ಜಾಗದಲ್ಲಿ ಹೆಬ್ಬೆರಳು ಎಳೆದು ಬಹಳ ಹೊತ್ತು ಸುಮ್ಮನಿದ್ದರು.

‘ಇದನ್ನ ಮಾಡಿದಾವ ಬಡಿಗೇರ ತಮ್ಮಾ,’ ಅಂದರು. ‘ಇದನ್ನ ಮುಚ್ಚಿದಾವ ಪೇಂಟರ.’

ಇಡೀ ಇಂಟರ್ನೆಟ್ಟಿನಲ್ಲಿ ಈ ಕುರ್ಚಿಗಳ ಮೇಲೆ ನಾನು ಓದಿದ ವಿಮರ್ಶೆಗಳಲ್ಲಿ ಇದಕ್ಕಿಂತ ಸರಿಯಾದದ್ದು ಸಿಕ್ಕಿಲ್ಲ.

ಆಮೇಲೆ ಉಳಿ ಹಿಡಿದರು. ಕೈ ನಡುಗುತ್ತಿತ್ತು. ಹಬ್ಬಕ್ಕೆ ಬಂದಿದ್ದ ಮಗ ಕುರ್ಚಿಯನ್ನು ಒತ್ತಿ ಹಿಡಿದ. ಅಲ್ಲಾಡುತ್ತಿದ್ದ ಕಾಲಿನ ಸಂದಿಯಿಂದ ಮೊದಲು ಬಂದದ್ದು ಪುಟ್ಟಿ. ಮರದ ಪುಡಿ ಅಂಟಿಗೆ ಕಲಸಿ ತುಂಬಿ, ಮೇಲೆ ಮರದ ಗೆರೆಯ ಹಾಗೆ ಬಣ್ಣ ಎಳೆದಿದ್ದರು. ಎಷ್ಟು ಚೆನ್ನಾಗಿ ಎಳೆದಿದ್ದರೆಂದರೆ ನಾನು ಹದಿನಾಲ್ಕು ತಿಂಗಳು ಅದನ್ನು ಮರ ಅಂತಲೇ ನಂಬಿದ್ದೆ. ಅದರ ಹಿಂದೆ ಎರಡು ಕಬ್ಬಿಣದ ಸ್ಕ್ರೂ. ಮೂಲದಲ್ಲಿ ಅಡ್ಡಪಟ್ಟಿಯ ತುದಿಗೆ ನಾಲಿಗೆಯಂತೆ ಬಿಟ್ಟು, ಕಾಲಿನ ಕಿಂಡಿಯೊಳಗೆ ಕೂರಿಸಿದ್ದರು. ಆ ನಾಲಿಗೆ ಯಾವಾಗಲೋ ಮುರಿದಿದೆ. ಹೊಸ ನಾಲಿಗೆ ಕೂರಿಸೋದು ಅರ್ಧ ದಿನದ ಕೆಲಸ, ಸ್ಕ್ರೂ ಹೊಡೆಯೋದು ಎರಡು ನಿಮಿಷದ್ದು. ಸ್ಕ್ರೂ ಬಿಗಿಯಾಗೇ ಇತ್ತು, ಅದರ ಸುತ್ತಲಿನ ಮರ ಪುಡಿಯಾಗಿತ್ತು. ನಾವು ದಿನಾ ಕೂತು ಒರಗಿದ ಭಾರವೆಲ್ಲ ಆ ಎರಡು ಬಿಂದುಗಳ 	ಮೇಲೆ ಬಿದ್ದು ಒಳಗಿಂದ ಅರೆದುಹಾಕಿತ್ತು.

‘ಬಿಚ್ಚಬಾರದು ಅಂತಾನೇ ಮಾಡ್ಯಾರ,’ ಅಂದ ಮಗ, ಅಪ್ಪನ ಮಾತನ್ನು ಮುಂದುವರಿಸುವವನ ಹಾಗೆ. ಆಮೇಲೆ ಸ್ವಲ್ಪ ನಕ್ಕು, ‘ನಾನೂ ಹಂಗೇ ಮಾಡೋದು ಅಣ್ಣ. ಟೈಮ್ ಎಲ್ಲಿ ಕೊಡ್ತಾರ.’

ಎರಡು ದಿನ ಹಿಡಿಯಿತು. ಯಾರದೋ ಕೆಡವಿದ ಮನೆಯ ಸಾಗವಾನಿ ಚೌಕಟ್ಟಿನ ತುಂಡು ತಾತನ ಹಿತ್ತಲಲ್ಲಿತ್ತು. ಅದರಲ್ಲಿ ಹೊಸ ನಾಲಿಗೆ ಮಾಡಿದರು. ನಾನು ದೊಡ್ಡ ತಿಳಿದವನ ಹಾಗೆ, ‘ತಾತ, ಸರೇಸು ಹಾಕ್ತೀರಾ?’ ಅಂದೆ. ಬಿಸಿ ಮಾಡಿ ಹಚ್ಚುವ ಹಳೇ ಕಂದು ಅಂಟು ಅದು, ಮತ್ತೆ ಬಿಸಿ ತಾಗಿಸಿದರೆ ಬಿಡುತ್ತೆ ಅಂತ ಓದಿಕೊಂಡಿದ್ದೆ. ತಾತ ನಕ್ಕುಬಿಟ್ಟರು. ಅದರ ವಾಸನೆಗೆ ಹೆಂಡತಿ ಮನೆಯೊಳಗೆ ಬಿಡುತ್ತಿರಲಿಲ್ಲವಂತೆ. ಫೆವಿಕಾಲ್ ಬಂದ ವರ್ಷವೇ ಬಿಟ್ಟರಂತೆ. ಈಗಲೂ ಫೆವಿಕಾಲೇ ಹಚ್ಚಿದರು, ಆದರೆ ಸ್ವಲ್ಪವೇ. ಭಾರ ಹೊರೋಕೆ ಬಿದಿರಿನ ಸಣ್ಣ ಮೊಳೆ ಕೆತ್ತಿ ಕಾಲಿಗೂ ನಾಲಿಗೆಗೂ ಅಡ್ಡಡ್ಡ ಹೊಡೆದರು. ಮುಂದೆ ಯಾರಿಗಾದರೂ ಬಿಚ್ಚಬೇಕಾದರೆ ಆ ಮೊಳೆಯನ್ನು ಕೊರೆದು ತೆಗೆದರಾಯಿತು. ಹೊರಗಿಂದ ಕಡಲೆಬೇಳೆಯಷ್ಟು ದೊಡ್ಡ ಹಳದಿ ಚುಕ್ಕೆ ಕಾಣುತ್ತೆ. ಮಗ ಅದಕ್ಕೆ ಬಣ್ಣ ಹಚ್ಚಿ ಮುಚ್ಚಲಾ ಅಂದ. ನಾನು ಬೇಡ ಅಂದೆ.

ಈ ಕುರ್ಚಿಗಳನ್ನು ಕೊಳ್ಳಬೇಡಿ ಅಂತ ನಾನು ಹೇಳಲ್ಲ. ಇವತ್ತಿಗೂ 12 ಸಾವಿರಕ್ಕೆ ಸಿಗುವ ಬಹಳಷ್ಟು ಹೊಸ ಕುರ್ಚಿಗಳಿಗಿಂತ ಇವುಗಳ ಮರ ಮತ್ತು ರೂಪ ಎಷ್ಟೋ ಮೇಲು. ಆದರೆ ಅಂಗಡಿಯಲ್ಲಿ ಕೂತು ನೋಡುವ ಮೊದಲು ಬೋರಲು ಹಾಕಿಸಿ. ಸೀಟು ತೆಗೆಸಿ. ಸಂದಿಗಳಲ್ಲಿ ಸ್ಕ್ರೂ ಇದೆಯಾ, ಒಳಪಟ್ಟಿಯಲ್ಲಿ ಮೊಳೆಯ ಸಾಲು ಇದೆಯಾ, ಸಂದಿಯ ಸುತ್ತ ಮರದ ಗೆರೆ ಥಟ್ಟನೆ ದಿಕ್ಕು ಬದಲಿಸುತ್ತಾ ನೋಡಿ. ಹಿಂದಿನ ಎರಡು ಕಾಲುಗಳನ್ನು ಹಿಡಿದು ಒಂದನ್ನೊಂದು ಎದುರು ದಿಕ್ಕಿಗೆ ತಿರುಚಿ ನೋಡಿ. ಅಂಗಡಿಯವನು ಮುಖ ಕಿವುಚಿದರೆ ಕಿವುಚಲಿ. ಸೀಟನ್ನು ಹೆಣೆಸಿ ಕೊಡ್ತೀರಾ ಅಂತ ಕೇಳಿ. ಇಲ್ಲ ಅನ್ನುವವನೇ ಹೆಚ್ಚು. ನಾಲ್ಕು ಜನ ಕೇಳಿದರೆ ಐದನೆಯವನಿಗಾದರೂ ಹೆಣೆಯುವವರನ್ನು ಹುಡುಕಬೇಕಾಗುತ್ತೆ.

ದುಡ್ಡು ಎಷ್ಟು ಅಂದಾಗ ತಾತ 600 ಹೇಳಿದರು. ಸಾವಿರ ಕೊಟ್ಟೆ. ಅಷ್ಟರಲ್ಲಿ ಅವ್ವ ಚಹಾ ಹಿಡಿದು ಬಂದಳು. ತಾತ ಲೋಟ ತಗೊಳ್ಳುತ್ತಾ, ‘ಎಷ್ಟು ಕೊಟ್ಟಿ ತಮ್ಮಾ ಇದಕ್ಕ?’ ಅಂದರು.

‘ಹನ್ನೆರಡು,’ ಅಂದೆ.

ತಾತ ಅವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು. ‘ಸಾವಿರಾ?’

ಅವ್ವ ನನ್ನ ಹತ್ತಿರ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಹೊರಡುವಾಗ ಕುರ್ಚಿಯನ್ನು ಮತ್ತೆ ಬೆಡ್‌ಶೀಟಿನಲ್ಲಿ ಸುತ್ತೋಕೆ ಹೋದರೆ, ‘ಇಲ್ಲೇ ಇರಲಿ ಬಿಡು, ಅಲ್ಲಿ ಒಯ್ದು ಮತ್ತೆ ಮುರೀತಿ’ ಅಂದಳು. ಈಗ ಅದು ಬಾದನಹಟ್ಟಿಯ ಕಟ್ಟೆ ಮೇಲಿದೆ. ಸ್ಪಂಜು ತೆಗೆದು ಬರೀ ಪ್ಲೈವುಡ್ ಹಲಗೆ ಇಟ್ಟು, ಮೇಲೊಂದು ಕೌದಿ ಮಡಚಿ ಹಾಕಿದ್ದಾಳೆ. ಸಂಜೆ ಅದರಲ್ಲಿ ಕಾಲು ಮಡಚಿ ಕೂತು ಅಕ್ಕಿ ಆರಿಸುತ್ತಾಳಂತೆ. ಪುಂಡಿ ಹಗ್ಗ ಹೊಸೆಯಬಲ್ಲವರು ಯಾರಾದರೂ ಇದ್ದಾರಾ ಅಂತ ಊರಲ್ಲಿ ವಿಚಾರಿಸೋಕೆ ಹೇಳಿದ್ದೇನೆ. ಪಕ್ಕದೂರಲ್ಲಿ ಒಬ್ಬರಿದ್ದಾರೆ ಅಂತ ಕಳೆದ ವಾರ ಫೋನು ಮಾಡಿದ್ದಳು.

ಬೆಂಗಳೂರಿನಲ್ಲಿ ಮೂರು ಕುರ್ಚಿ ಉಳಿದಿವೆ. ಕಿಟಕಿ ಕಡೆಯದರ ಹಿಂದಿನ ಕಾಲು ಮೊನ್ನೆಯಿಂದ ಸಣ್ಣಗೆ ಕಿರ್ ಅಂತಿದೆ. ಮಾವ ಬಂದರೆ ಅದರಲ್ಲಿ ಕೂರಿಸಲ್ಲ.